ಹಿಲ್ಡಾ ಅವರ ಮಾತು ಕೇಳುವ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್‌ಗಳು ತಮ್ಮ ಗುಣಗಾನವನ್ನು ತಾವೇ ಮಾಡಿಕೊಳ್ಳಲು ಶುರುಮಾಡಿದ ಮೇಲೆ ಮಂಗಳೂರಿನ ಅಂಗಡಿಯವರು ಆರಾಮಾಗಿ ಚಹಾ ಕುಡಿಯುತ್ತಾ ಕೂತಿರುತ್ತಿದ್ದರು. ಅಂಥದೊಂದು ಅಂಗಡಿಗೆ ಬಂದ ಐರಿನ್ ತನ್ನ ತಾಯಿ ಹಿಲ್ಡಾರನ್ನೂ ಜೊತೆಗೇ ಕರೆತಂದಿದ್ದಳು. ಪಾರ್ಶ್ವವಾಯು ಬಡಿದಂದಿನಿಂದ ಹಿಲ್ಡಾ ಆಡುವ ಶಬ್ದಗಳು ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳು ಕೆಲಸಕ್ಕೆ ಹೋದಾಗ ಅವರ ಮಾತು ಕೇಳಿಸಿಕೊಳ್ಳಲು ನಂಬಿಕೆಯದೊಂದು ಲ್ಯಾಪ್‌ಟಾಪ್ ಬೇಕಿತ್ತು.

"ಲಬ್ಬಿ," ಎಂದರು ಹಿಲ್ಡಾ.

"ಅರ್ಥವಾಯಿತು, ಹಸಿವಾಗಿದೆ!" ಎಂದಿತು ಬೆಳ್ಳಿ ಬಣ್ಣದ ತೆಳು ಲ್ಯಾಪ್‌ಟಾಪ್. ಹಿಲ್ಡಾ ಸಿಟ್ಟಿನಿಂದ ಅದರ ಮುಚ್ಚಳ ಹಾಕಿದರು. ಪಕ್ಕದ್ದು, ತಲೆನೋವಿನ ಮಾತ್ರೆ ತರಿಸಲೇ ಎಂದಿತು. ಅದರ ಮುಚ್ಚಳವೂ ಬಿತ್ತು.

"ಎಲ್ಲವನ್ನೂ ಮುಚ್ಚಿದ್ರೆ ತಗೊಳ್ಳುದು ಎಂತದಮ್ಮಾ?" ಎಂದಳು ಐರಿನ್.

ಮೂಲೆಯಲ್ಲಿದ್ದ ದಪ್ಪನೆಯದು ಮಾತ್ರ, "ನನಗೆ ಗೊತ್ತಾಗ್ಲಿಲ್ಲ. ಇನ್ನೊಮ್ಮೆ ಹೇಳ್ತೀರಾ?" ಎಂದು ಕೇಳಿತು.

ಹಿಲ್ಡಾ ಮತ್ತೆ ಹೇಳಿ ಬೆರಳನ್ನು ಮೇಲಕ್ಕೆ ತೋರಿಸಿದರು.

"ಫ್ಯಾನು ಜೋರು ಮಾಡ್ಬೇಕಾ?"

ಹಿಲ್ಡಾ ಅಲ್ಲವೆಂದು ತಲೆಯಾಡಿಸಿದರು.

"ಹಾಗಾದ್ರೆ ನಿಲ್ಲಿಸ್ಬೇಕಾ?"

ಹಿಲ್ಡಾರ ಮುಖವರಳಿತು. ಐರಿನ್ ಅದನ್ನೇ ಕೊಂಡಳು.

ವಾರ ಕಳೆದು ಒಂದು ಬೆಳಗ್ಗೆ ಐರಿನ್ ಕೆಲಸಕ್ಕೆ ಹೊರಟಾಗ ಹಿಲ್ಡಾ ಉದ್ದಕ್ಕೆ ಏನೋ ಹೇಳಿದರು. ಲ್ಯಾಪ್‌ಟಾಪ್ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿತು.

"ಈ ಹಳದಿ ಚೂಡಿದಾರ ನಿಮಗೆ ಒಪ್ಪುದಿಲ್ಲಂತೆ. ಬದಲಾಯಿಸಿ ಹೋಗ್ಬೇಕಂತೆ."

ತಿಂಗಳುಗಟ್ಟಲೆ ಅಮ್ಮನ ಬೈಗುಳವಿಲ್ಲದೆ ಕಳೆದಿದ್ದ ಐರಿನ್ ಹೊಸ್ತಿಲಲ್ಲೇ ಕೂತು, ನಗುತ್ತಾ ಅತ್ತಳು.

"ಯಾವ ಬಣ್ಣ ಹಾಕ್ಲಿ ಅಂತ ಕೇಳು," ಎಂದಳು.