ಮೆತ್ತನೆಯ ಸ್ಪ್ರಿಂಗ್

ಹಳೆಯ ಜೀಪಿನ ಮುಂದೆ ಮೆಕ್ಯಾನಿಕ್ ಎರಡು ಜೊತೆ ಸ್ಪ್ರಿಂಗ್ ಪ್ಲೇಟು ತಂದಿಟ್ಟ.

"ಇದು ಗಟ್ಟಿ, ಎಷ್ಟು ಲೋಡಾದ್ರೂ ತಡೀತದೆ. ಇದು ಮೆತ್ತಗೆ. ಆದ್ರೆ ಬಾಳಿಕೆ ಕಮ್ಮಿ."

"ಮೆತ್ತಗಿರೋದೇ ಹಾಕಿ ಸಾಬ್ರೇ. ನಮ್ಮನೆಯವಳನ್ನ ಹಿಂದೆ ಮಲಗಿಸ್ಕೊಂಡು ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಮೂಳೆ ಕ್ಯಾನ್ಸರು. ಸಣ್ಣ ಗುಂಡಿಗೂ ನರಳ್ತಾಳೆ."

ಮೆಕ್ಯಾನಿಕ್ ಒಂದೊಂದು ಪ್ಲೇಟಿಗೂ ಗ್ರೀಸು ಸವರಿ ಕೂರಿಸಿದ. ಶಾಕ್ ಅಬ್ಸಾರ್ಬರನ್ನೂ ಬದಲಿಸಿದ.

"ಹೊಸದಲ್ವಾ, ಮೊದಮೊದಲು ಸ್ವಲ್ಪ ಎತ್ತಾಕ್ತದೆ. ಮೂವತ್ತು ಕಿಲೋಮೀಟರ್ ಓಡಿದ್ಮೇಲೆ ಅಕ್ಕನಿಗೆ ಗುಂಡಿ ಬಂದಿದ್ದೇ ಗೊತ್ತಾಗಲ್ಲ."

ಹದಿನೈದು ದಿನದ ಮೇಲೆ ಜೀಪಿನವನು ಮತ್ತೆ ಬಂದ. ಮೆತ್ತನೆಯದನ್ನು ಬಿಚ್ಚಿ ಗಟ್ಟಿ ಸ್ಪ್ರಿಂಗನ್ನೇ ಹಾಕಿ ಎಂದ.

"ಯಾಕಣ್ಣ, ಸರಿಹೋಗ್ಲಿಲ್ವಾ?"

"ನೀವು ಹೇಳಿದಂಗೇ ಆಯ್ತು. ಘಾಟಿ ಇಳಿಯೋವರೆಗೂ ನರಳ್ತಾನೇ ಇದ್ಲು. ಆಮೇಲೆ ಎಂಥ ಗುಂಡಿ ಬಂದ್ರೂ ಒಂದು ಸದ್ದಿಲ್ಲ."

ಮೆಕ್ಯಾನಿಕ್‌ನ ಮುಖ ಅರಳಿತು. "ಮತ್ತೆ ಬಿಚ್ಚೋದ್ಯಾಕೆ?"

ಆತ ಜೀಪಿನ ಹಿಂಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದ.

"ಸಾಬ್ರ ಕೈಗುಣ ಅಂದ್ಕೊಂಡೇ ಅಲ್ಲೀವರೆಗೂ ಓಡಿಸ್ದೆ. ಆಸ್ಪತ್ರೆ ಮುಂದೆ ನಿಲ್ಲಿಸಿ ಈ ಬಾಗಿಲು ತೆಗೆಯೋವರೆಗೂ."