ಕಡ ತಂದ ಉಚ್ಚೆ

ಶಹಾಪುರದ ದವಾಖಾನೆಯ ಹಿಂದೆ, ಬೇವಿನ ಗಿಡದ ಮರೆಯಲ್ಲಿ ಕುರಿ ಕಾಯುವ ಸಾಬಣ್ಣ ಶೀಸೆ ತುಂಬುತ್ತಿದ್ದ. ಸಗರದ ಕಿರಾಣಿ ಅಂಗಡಿಯ ಪಂಪಣ್ಣ ಗಿಡದ ಈಚೆ ಕಾವಲು ನಿಂತಿದ್ದ.

"ತುಂಬ್ಯಾದ್ರಿ ಸಾವ್ಕಾರ್ರ," ಎಂದ ಸಾಬಣ್ಣ. "ಇನ್ನೊಂದು ಶೀಶಾ ಇದ್ರ ಕೊಡ್ರಿ, ಅದನ್ನೂ ತುಂಬತೀನಿ."

ನಿಜಾಮನ ಆಳ್ವಿಕೆ ಮುಗಿಸಿದ ಪೋಲೀಸ್ ಆ್ಯಕ್ಷನ್ ಆದ ಮರುವರ್ಷ ಧಾರವಾಡದ ಕಡೆಯಿಂದ ಬಂದ ಹೊಸ ಡಾಕ್ಟರು ಉಚ್ಚೆಯಲ್ಲಿ ಸಕ್ಕರೆ ಇದೆ ಎಂದಾಗ ಪಂಪಣ್ಣ ನಂಬಿರಲಿಲ್ಲ. ರೇಷನ್ನಿನ ಕಾಲ, ತನ್ನ ಅಂಗಡಿಗೇ ಬಾರದ ಸಕ್ಕರೆ ಅಲ್ಲಿಗೆ ಹೇಗೆ ಹೋದೀತು? ಆದರೂ ಪಥ್ಯ ಮೀರಲಿಲ್ಲ. ಚಹಾಕ್ಕೆ ಬೆಲ್ಲ ಹಾಕಿಸಿಕೊಂಡ. ಹೋಳಿಗೆಯೂ ಬೆಲ್ಲದ್ದೇ ಆದ್ದರಿಂದ ಅದೂ ಪಥ್ಯವಾಯಿತು. ಮುಂಜಾನೆ ಒಂದು ಬಟ್ಟಲು ಹಾಗಲಕಾಯಿ ರಸ ಕುಡಿದರೆ ಮಧ್ಯಾಹ್ನ ತಿಂದ ಸಿಹಿಯೆಲ್ಲ ಸತ್ತುಹೋಗುತ್ತದೆಂದು ಹೆಂಡತಿ ಪಾರ್ವತಿಬಾಯಿಯನ್ನೂ ಒಪ್ಪಿಸಿದ್ದ. ಕಳೆದ ತಿಂಗಳು ಡಾಕ್ಟರು ನೀಲಿ ಔಷಧಕ್ಕೆ ಅವನ ಉಚ್ಚೆ ಬೆರೆಸಿ ಕಾಸಿದರೆ ಇಟ್ಟಂಗಿಯಂತೆ ಕೆಂಪಾಯಿತು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಇನ್ನೊಮ್ಮೆ ಕೆಂಪಾದರೆ ದಿನಾ ಸೂಜಿ ಎಂದರು. ಗೂಳಿಯಂಥ ಪಂಪಣ್ಣನಿಗೆ ಜಗತ್ತಿನಲ್ಲಿ ಸೂಜಿಯೊಂದರದ್ದೇ ಭಯ.

ತನ್ನ ಬದಲು ಶೀಸೆ ತುಂಬಲು ಸಾಬಣ್ಣನನ್ನು ಅವನು ಯೋಚಿಸಿಯೇ ಆರಿಸಿದ್ದ. ಈ ರೋಗ ಕೂತಲ್ಲೇ ಸಿಹಿ ತಿನ್ನುವವರಿಗೆ ಬರುವಂಥದ್ದು. ಸಾಬಣ್ಣನೋ ದಿನವಿಡೀ ಕುರಿಗಳ ಹಿಂದೆ ಅಲೆಯುವವನು, ಹಬ್ಬಕ್ಕೂ ಸಿಹಿ ಮುಟ್ಟದವನು. ಈ ವರ್ಷ ಮತ್ತಷ್ಟು ಸೊರಗಿ ಕಡ್ಡಿಯಾಗಿದ್ದ. ಅಷ್ಟೂ ಒಳ್ಳೆಯದೇ ಎಂದುಕೊಂಡಿದ್ದ ಪಂಪಣ್ಣ.

"ನಂದು ಬರೀ ಜ್ವಾಳದ ರೊಟ್ಟಿ ನೀರ್ರಿ," ಎಂದು ಸಾಬಣ್ಣ ಹೆಮ್ಮೆಯಿಂದ ಶೀಸೆ ಒಪ್ಪಿಸಿದ. "ಇರಿವಿ ಸೈತ ಮೂಸಂಗಿಲ್ಲ."

ಡಾಕ್ಟರು ಕಾಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಪಂಪಣ್ಣ ಮನದಲ್ಲೇ ಶಿವಶಿವಾ ಎನ್ನುವಷ್ಟರಲ್ಲಿ ಕಡುಗೆಂಪಾಯಿತು.

"ಹೋದ ಸಲಕ್ಕಿಂತ ಜಾಸ್ತಿ ಅದ. ಏನ್ ತಿಂದೀರಿ?"

"ಜ್ವಾಳದ ರೊಟ್ಟಿರಿ," ಎಂದ ಪಂಪಣ್ಣ. ಶೀಸೆಯ ಮಟ್ಟಿಗೆ, ಆ ದವಾಖಾನೆಯಲ್ಲಿ ಅವನು ಆಡಿದ ಮೊದಲ ನಿಜ ಅದು.

ರೊಟ್ಟಿಯೂ ಹೊಟ್ಟೆಯೊಳಗೆ ಹೋಗಿ ಸಕ್ಕರೆಯೇ ಆಗುತ್ತದೆ, ಬೆಲ್ಲವಂತೂ ಮೊದಲೇ ಸಕ್ಕರೆಯ ಅಣ್ಣ ಎಂದು ಡಾಕ್ಟರು ಗದರಿದರು. ಸಿಹಿ ತಿನ್ನದವರಿಗೂ ಈ ಬೇನೆ ಬರುತ್ತದೆ ಎಂದರು. ಆಮೇಲೆ ಕೇಳತೊಡಗಿದರು. ಕಾಲು ಉರಿಯುತ್ತವೆಯೇ? ತಡೆಯಲಾರದ ನೀರಡಿಕೆಯೇ? ಮೈ ಸೊರಗಿದೆಯೇ? ಕೊನೆಯದನ್ನು ಕೇಳುವಾಗ ಪಂಪಣ್ಣನ ಹೊಟ್ಟೆ ನೋಡಿ ತಡವರಿಸಿದರು.

"ಹಿಂಗ ಬಿಟ್ರ ಮನಷ್ಯಾ ವರ್ಷ ದಾಟೂದು ಕಷ್ಟ," ಎಂದು ಸೂಜಿಯನ್ನು ಕುದಿಯಲು ಇಟ್ಟರು.

ಕಿಟಕಿಯಾಚೆ ಸಾಬಣ್ಣ ದವಾಖಾನೆಯ ನೀರಿನ ಹರವಿಯಿಂದ ಚೊಂಬು ತುಂಬಿ ಗಟಗಟ ಕುಡಿದ. ಮತ್ತೆ ಮುಳುಗಿಸಿದ. ಮತ್ತೆ ಕುಡಿದ. ಪಂಪಣ್ಣ ಸೂಜಿಯನ್ನೊಮ್ಮೆ, ಸಾಬಣ್ಣನನ್ನೊಮ್ಮೆ ನೋಡಿದ. ಸುಮ್ಮನಿದ್ದರೂ ಸೂಜಿ, ಬಾಯಿಬಿಟ್ಟರೂ ಸೂಜಿ. ಸುಮ್ಮನಿದ್ದರೆ ಮಾತ್ರ ಮಾನ ಉಳಿಯುತ್ತಿತ್ತು.

"ಸಾಹೇಬ್ರ, ಅದು ನಂದಲ್ಲರಿ," ಎಂದು ಹೇಳಿ, ಡಾಕ್ಟರ ಮುಖ ನೋಡಲಾರದೆ ಶೀಸೆ ಎತ್ತಿಕೊಂಡು ಹೊರಗೆ ಬಂದ.

ಸಾಬಣ್ಣ ಬಾಯಿ ಒರೆಸಿಕೊಂಡ. "ನೀಲಿ ಬಂತೇನ್ರಿ? ಗೆದ್ದೇವಾ?"

"ನೀ ಗೆದ್ದಿ. ಒಳಗ ನಡಿ, ಡಾಕ್ಟರ್ ನಿನ್ನನ್ನ ನೋಡಬೇಕು."

"ನಡೀರಿ, ಬಂದೆ. ಮೊದಲು ಇನ್ನೊಮ್ಮೆ ಗಿಡದ ಮರೆಗೆ ಹೋಗಿ ಬರ್ತೀನಿ."

ಪಂಪಣ್ಣ ಹರವಿಯಿಂದ ನೀರು ಮೊಗೆದು ಶೀಸೆ ತೊಳೆದು, ತನ್ನದನ್ನು ತುಂಬಲು ಅವನ ಹಿಂದೆಯೇ ನಡೆದ. ಈ ಸಲ ಕಾವಲಿಗೆ ಯಾರೂ ನಿಲ್ಲಲಿಲ್ಲ.