ಹೊಸಬಳ ಮೊದಲ ಸೂಜಿ

ಮಕ್ಕಳ ವಾರ್ಡಿನಲ್ಲಿ ಸೂಜಿ ಚುಚ್ಚಿದರೆ ನೋವಾಗುವುದು ಮಗುವಿಗಲ್ಲ, ತೋಳಿಗೆ ನೀಲಿ ಬೆಲ್ಟ್ ಕಟ್ಟಿಕೊಂಡವರಿಗೆ. ಸಾಮಾನ್ಯವಾಗಿ ಅದನ್ನು ತಾಯಂದಿರು ಕಟ್ಟಿಕೊಳ್ಳುತ್ತಾರೆ. ಹೊಸ ನರ್ಸ್ ಚುಚ್ಚುವಾಗ ಮಾತ್ರ ಹೆಡ್ ನರ್ಸೇ ಕಟ್ಟಿಕೊಳ್ಳಬೇಕು.

ಅದಕ್ಕೇ ಹೆಡ್ ನರ್ಸ್ ಸುಲೋಚನಾ ಮೇಡಂ ನನ್ನನ್ನು ಮೂರು ಸಲ ಸಂದರ್ಶನದಿಂದಲೇ ಓಡಿಸಿದ್ದರು. "ಈಗಷ್ಟೇ ಕಾಲೇಜು ಮುಗ್ಸಿದೀಯ. ಯಾವುದಾದ್ರೂ ವೃದ್ಧಾಶ್ರಮದಲ್ಲಿ ಕೆಲ್ಸ ನೋಡ್ಕೊ, ಹೋಗಮ್ಮ." ನಾಲ್ಕನೇ ಸಲ ಆಸ್ಪತ್ರೆಯವರು ಅವರನ್ನು ಕೇಳದೆಯೇ ನನ್ನನ್ನು ತೆಗೆದುಕೊಂಡರು.

ಇವತ್ತು ಮೇಡಂ ಬೆಲ್ಟ್ ಬಿಗಿದುಕೊಂಡು ನಿಂತಿದ್ದರು. "ಬೇಗ ಮುಗ್ಸಮ್ಮ" ಎಂದರು.

ಪುಟಾಣಿ ಹಂಸಿಕಾಳ ಕೈಯಲ್ಲಿ ನರ ಥಟ್ಟನೆ ಸಿಕ್ಕಿತು. ಸೂಜಿಯನ್ನು ಮಾತ್ರ ನಿಧಾನವಾಗಿ, ತುಂಬಾ ನಿಧಾನವಾಗಿ ಇಳಿಸಿದೆ. ಹಂಸಿಕಾ ನಗುತ್ತಾ ನನ್ನ ಬ್ಯಾಡ್ಜ್ ಎಳೆಯುತ್ತಿದ್ದಳು.

ಮೇಡಂ ಕಣ್ಣಲ್ಲಿ ನೀರು ಬಂತು.

"ಅಳ್ಬೇಡಿ ಮೇಡಂ" ಎಂದೆ. "ಮಗು ಹೆದರ್ಕೊಂಡ್ಬಿಡತ್ತೆ."